ಭತ್ತದ ಪತ್ತಾಯದಲ್ಲಿ ಸೋಬಾನೆ

ನಮ್ಮ ಮನೆಯ ಪತ್ತಾಯಕ್ಕೆ ಸೇರು ಇಳಿಸಿ ಭತ್ತ ಮೊಗೆಯುವಾಗ ಒಂದು ಜಾಗದಲ್ಲಿ ಮಾತ್ರ ಟಣ್ ಎಂದು ಸದ್ದು ಬರುತ್ತಿತ್ತು. ಮಿಲ್ಲಿಗೆ ಕಳಿಸಲು ಚೀಲ ತುಂಬುವವರು ಆ ಸದ್ದು ಕೇಳಿದ ಕೂಡಲೇ ಸೇರನ್ನು ಒಂದು ಗೇಣು ಆಚೆ ಸರಿಸಿ ಮತ್ತೆ ಮೊಗೆಯುತ್ತಿದ್ದರು. ಅದೇನೆಂದು ಯಾರೂ ಕೇಳುತ್ತಿರಲಿಲ್ಲ. ಅದು ನಾನು ಇಟ್ಟ ಬಿಸ್ಕತ್ತಿನ ಡಬ್ಬಿ ಎಂದೂ, ನಾನು ಇಟ್ಟ ವಸ್ತುವನ್ನು ಇಟ್ಟ ಜಾಗದಿಂದ ಅಲುಗಿಸಬಾರದೆಂದೂ ಮನೆಯವರಿಗೆಲ್ಲ ಗೊತ್ತಿತ್ತು. ಡಬ್ಬಿಯೊಳಗೆ, ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿದ, ಅಂಗೈ ಅಗಲದ ಒಂದು ಹಾರ್ಡ್ ಡಿಸ್ಕ್.

ನಗಬೇಡಿ. ಕೊಡಗಿನ ಮಳೆಗಾಲವನ್ನು ಒಮ್ಮೆ ಕಳೆದವರು ಯಾರೂ ನಗುವುದಿಲ್ಲ. ಜೂನ್ ಬಂತೆಂದರೆ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಗೋಡೆಯ ಮೇಲಿನ ಹಿರಿಯರ ಪಟಗಳಿಗೂ ಬೂಷ್ಟು. ತೇವ ತಾಗಬಾರದ ವಸ್ತುಗಳಿಗೆ ನಮ್ಮಲ್ಲಿ ಎರಡೇ ಜಾಗ: ಒಂದು ಒಲೆಯ ಮೇಲಿನ ಅಟ್ಟ, ಇನ್ನೊಂದು ಭತ್ತದ ಪತ್ತಾಯ. ಅಟ್ಟದಲ್ಲಿಟ್ಟರೆ ಹೊಗೆ ಹಿಡಿಯುತ್ತದೆ. ಹಾಗಾಗಿ ನನ್ನ ಅಣ್ಣ ಕೋವಿಯ ತೋಟಾಗಳನ್ನು ಭತ್ತದಲ್ಲಿ ಹೂತಿಡುತ್ತಿದ್ದ, ಅತ್ತಿಗೆ ಸೌತೆಬೀಜದ ಗಂಟನ್ನು ಹೂತಿಡುತ್ತಿದ್ದರು, ನಾನು ಹಾರ್ಡ್ ಡಿಸ್ಕನ್ನು ಹೂತಿಟ್ಟೆ. ಈಗಲೂ ಅದು ಮೂರ್ಖತನವಾಗಿತ್ತೆಂದು ನಾನು ಒಪ್ಪುವುದಿಲ್ಲ. ತೇವ ಒಂದಿಷ್ಟೂ ತಾಗಿರಲಿಲ್ಲ. ತಾಗಿದ್ದು ಸೇರಿನ ಪೆಟ್ಟು.

ಪತ್ತಾಯ ಎಂದರೆ ಏನೆಂದು ಘಟ್ಟದ ಆಚೆಯ ಓದುಗರಿಗೆ ಹೇಳಬೇಕು. ಅದು ಮರದ ದೊಡ್ಡ ಪೆಟ್ಟಿಗೆ. ಎದೆಮಟ್ಟದ ಎತ್ತರ, ಮಂಚದಷ್ಟು ಉದ್ದ. ಮೇಲ್ಗಡೆ ದಪ್ಪ ಹಲಗೆಯ ಮುಚ್ಚಳ. ಆ ಮುಚ್ಚಳದ ಮೇಲೆ ನನ್ನ ಅಜ್ಜ ಮಲಗುತ್ತಿದ್ದರು. ಬೆಚ್ಚಗಿರುತ್ತದೆ ಎಂಬುದು ಅವರು ಹೇಳುತ್ತಿದ್ದ ಕಾರಣ, ಮನೆಯ ಭತ್ತದ ಲೆಕ್ಕ ತನ್ನ ಬೆನ್ನಿನ ಕೆಳಗೇ ಇರಲಿ ಎಂಬುದು ನಿಜವಾದ ಕಾರಣ. ಪತ್ತಾಯದಿಂದ ಭತ್ತ ಮೊಗೆಯುವುದು ಕಷ್ಟದ ಕೆಲಸವೇನೂ ಅಲ್ಲ, ನಾಲ್ಕು ಸಲ ಸೇರು ಮುಳುಗಿಸಿದರೆ ಕುಕ್ಕೆ ತುಂಬುತ್ತದೆ. ಆದರೆ ಅದಕ್ಕೆ ಮೊದಲು ಅಜ್ಜ ಏಳಬೇಕು. ಏಳಬೇಕಾದರೆ ಅಜ್ಜಿ ಕೆಮ್ಮಬೇಕು. ಅಜ್ಜಿ ಕೆಮ್ಮಿದ ಮೇಲೆ ಅಜ್ಜ ಒಂದು ಮಗ್ಗುಲಾಗಿ, "ಯಾರದು?" ಎಂದು ಕೇಳಿ, ಕಂಬಳಿ ಮಡಚಿ, ಎಲೆಯಡಿಕೆ ಚೀಲ ಹುಡುಕಿ, ಕೆಳಗಿಳಿಯಬೇಕು. ಕೆಲಸ ಚಿಕ್ಕದು, ಅದರ ಮುಂದಿನ ಕಾಯುವಿಕೆ ದೊಡ್ಡದು.

ಇದನ್ನು ನಾನು ಮಗುವಾಗಿದ್ದಾಗಲೇ ಗಮನಿಸಿದ್ದೆ. ವಸ್ತುವನ್ನು ಎಲ್ಲಿಡಬೇಕು ಎಂದು ಯೋಚಿಸುವವರು ಹೆಚ್ಚಿನವರು ಜಾಗ ಸಾಕಾಗುತ್ತದೆಯೇ ಎಂಬುದನ್ನಷ್ಟೇ ನೋಡುತ್ತಾರೆ. ಹಾಕಲು ಎಷ್ಟು ಹೊತ್ತು, ತೆಗೆಯಲು ಎಷ್ಟು ಹೊತ್ತು ಎಂಬುದನ್ನು ನೋಡುವುದಿಲ್ಲ. ಅಟ್ಟಕ್ಕೆ ಹಾಕುವುದು ಬಹಳ ಸುಲಭ. ಕೆಳಗೆ ನಿಂತು ಎಸೆದರೆ ಮುಗಿಯಿತು. ತೆಗೆಯಲು ಏಣಿ ಬೇಕು, ದೀಪ ಬೇಕು, ಧೈರ್ಯ ಬೇಕು, ಕೆಳಗೆ ನಿಂತು "ಅಲ್ಲಿ ಅಲ್ಲ, ಆಚೆ, ಇನ್ನೂ ಆಚೆ" ಎನ್ನಲು ಒಬ್ಬರು ಬೇಕು. ಉಪ್ಪಿನಕಾಯಿ ಭರಣಿಯದು ಇದರ ವಿರುದ್ಧ: ತುಂಬುವಾಗ ಒಂದು ದಿನದ ವ್ರತ, ತೆಗೆಯುವಾಗ ಒಂದು ಸೌಟು. ನನ್ನ ಅಜ್ಜಿಗೆ ಇದೆಲ್ಲ ಪೂರ್ತಿ ತಿಳಿದಿತ್ತು. ಅಜ್ಜ ಎದ್ದು ಕಾಫಿ ಕುಡಿಯುವ ಹೊತ್ತಿಗೆ ಇಡೀ ದಿನಕ್ಕೆ ಬೇಕಾದದ್ದನ್ನು ದೊಡ್ಡದರಿಂದ ಚಿಕ್ಕದಕ್ಕೆ ವರ್ಗ ಮಾಡಿ ಒಲೆಯ ಬದಿಗೆ ಇಟ್ಟುಕೊಳ್ಳುತ್ತಿದ್ದರು. ಕೈಗೆಟಕುವ ಡಬ್ಬಿಯಲ್ಲಿ ಇವತ್ತಿನದು, ಕಪಾಟಿನಲ್ಲಿ ಈ ವಾರದ್ದು, ಪತ್ತಾಯದಲ್ಲಿ ಈ ವರ್ಷದ್ದು. ಮುಂದೆ ನನಗೆ ಕಂಪ್ಯೂಟರ್ ಕಲಿಸಲು ಬಂದ ಮೇಷ್ಟ್ರು, ಅದರೊಳಗೆ ಚಿಕ್ಕದಾದ ಚುರುಕಾದ ನೆನಪು ಒಂದು, ದೊಡ್ಡದಾದ ನಿಧಾನದ ನೆನಪು ಒಂದು ಇರುತ್ತದೆ ಎಂದು ಚಿತ್ರ ಬರೆದು ವಿವರಿಸಿದಾಗ, "ಗೊತ್ತು, ಮುಂದೆ ಹೇಳಿ" ಎಂದಿದ್ದೆ. ಅವರಿಗೆ ಬೇಸರವಾಗಿರಬೇಕು.

ನಾನು ಹುಡುಗಿಯರ ವಸತಿಶಾಲೆಯೊಂದರಲ್ಲಿ ಟೀಚರೂ ವಾರ್ಡನ್ನೂ ಆಗಿದ್ದವಳು. ಗಂಟೆಗೆ ಏಳುವುದು, ಗಂಟೆಗೆ ಉಣ್ಣುವುದು, ಗಂಟೆಗೆ ಮಲಗುವುದು. ಆ ಗಂಟೆ ಹೊಡೆಯುವವಳೂ ನಾನೇ. ಹುಡುಗಿಯರ ಟ್ರಂಕುಗಳನ್ನು ಹೆಸರಿನ ಅಕ್ಷರಕ್ಕನುಸಾರ ಸಾಲಾಗಿ ಇಡಿಸಿದ್ದೆ. ನೋಡಲು ಬಹಳ ಚೆನ್ನಾಗಿತ್ತು. ಆದರೆ ವರ್ಷದ ನಡುವೆ ಅನಿತಾ ಎಂಬ ಹೊಸ ಹುಡುಗಿ ಸೇರಿದರೆ ಸಾಲಿನ ಟ್ರಂಕುಗಳೆಲ್ಲ ಒಂದೊಂದು ಜಾಗ ಮುಂದಕ್ಕೆ ಹೋಗಬೇಕಾಗುತ್ತಿತ್ತು. ಒಂದು ಟ್ರಂಕು ಒಳಗೆ ತರಲು ಅರ್ಧ ದಿನ. ಹುಡುಗಿಯರು ನನಗೆ ಇಟ್ಟ ಅಡ್ಡಹೆಸರು ನನಗೆ ಗೊತ್ತಿತ್ತು, ಇಲ್ಲಿ ಬರೆಯುವುದಿಲ್ಲ.

ಇಂಥವಳು ಹಾಡು ಸಂಗ್ರಹಿಸಲು ಹೊರಟರೆ ಏನಾಗಬೇಕೋ ಅದೇ ಆಯಿತು.

ನಮ್ಮದು ಅರೆಭಾಷೆ ಮಾತಾಡುವ ಮನೆ. ಮೂಲ ಭಾಗಮಂಡಲದ ಕಡೆ. ಅಣ್ಣ ಅಮ್ಮತ್ತಿಯ ಹತ್ತಿರ ತೋಟ ಮಾಡಿದ ಮೇಲೆ ಇತ್ತ ಬಂದೆವು, ಅಜ್ಜನ ಪತ್ತಾಯವೂ ಬಂತು. ಅಣ್ಣ ಈಗಿಲ್ಲ. ನಿವೃತ್ತಿಯಾದ ಮೇಲೆ ನಾನೂ ಇದೇ ಮನೆಯಲ್ಲಿ, ದೇವಕಿ ಅತ್ತಿಗೆಯ ಜೊತೆ, ಅಣ್ಣನ ಮಗನ ಸಂಸಾರದ ನಡುವೆ ಇದ್ದೇನೆ. ದೇವಕಿ ಅತ್ತಿಗೆ ಸೋಬಾನೆ ಹೇಳುವುದರಲ್ಲಿ ಹೆಸರಾದವರು. ನಮ್ಮ ಮದುವೆಗಳಲ್ಲಿ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಸೋಬಾನೆ ಹಾಡು ಇರುತ್ತದೆ. ಅವರಲ್ಲಿದ್ದದ್ದು ಮದುಮಗಳಿಗೆ ಅರಿಶಿನ ಹಚ್ಚುವಾಗ ಹೇಳುವ ಉದ್ದನೆಯ ಹಾಡು. ಅರಿಶಿನವನ್ನು ಮಣ್ಣಿನಿಂದ ಕೀಳುವುದರಿಂದ ಅದು ಶುರುವಾಗುತ್ತದೆ. ಆಮೇಲೆ ತೊಳೆಯುವುದು, ಬೇಯಿಸುವುದು, ಒಣಗಿಸುವುದು, ಕುಟ್ಟುವುದು, ಎಣ್ಣೆಯಲ್ಲಿ ಕಲಸುವುದು. ಕೊನೆಗೆ ಪಾದಕ್ಕೆ, ಕೈಗೆ, ಕೆನ್ನೆಗೆ. ಮೊದಲ ಎರಡು ನುಡಿ ಎಲ್ಲ ಹೆಂಗಸರಿಗೂ ಬರುತ್ತದೆ. ಅಲ್ಲಿಂದಾಚೆ ಎಲ್ಲರೂ ಅತ್ತಿಗೆಯ ಬಾಯಿ ನೋಡಿಕೊಂಡು ಹಿಂದಿನಿಂದ ಎಳೆಯುವವರು.

ಇದನ್ನು ದಾಖಲಿಸಬೇಕೆಂದು ನಾನು ಒಂದು ಪುಟ್ಟ ರೆಕಾರ್ಡರ್ ತಂದು, ಅಡಿಗೆಮನೆಯಲ್ಲೇ ಅವರ ಮುಂದಿಟ್ಟು ಕೂತೆ. ಒಂದು ನುಡಿ ಮುಗಿದೊಡನೆ, "ಅತ್ತಿಗೆ, ಆ ಕುಟ್ಟುವ ನುಡಿ ಮಾತ್ರ ಇನ್ನೊಂದು ಸಲ ಹೇಳಿ" ಎನ್ನುತ್ತಿದ್ದೆ.

"ಅದ್ ಹಂಗೆ ಮಧ್ಯಂದ ಬಾದುಲೆ, ಲೀಲಾ. ಸುರುಂದಲೇ ಹೇಳೊಕು."

"ಒಂದು ನುಡಿ ತಾನೆ?"

"ಅರಿಶಿನ ತೊಳೆಯದೆ ಕುಟ್ಟಿಕೆ ಆದಾ?"

ಎಂದು ಪುನಃ ಮಣ್ಣಿನಿಂದ ಕೀಳಲು ಹೊರಡುತ್ತಿದ್ದರು. ಅವರ ತಲೆಯೊಳಗಿದ್ದ ಹಾಡು ಹಳೆಯ ಕ್ಯಾಸೆಟ್ಟಿನ ಹಾಗೆ. ನಡುವಿನ ಹಾಡು ಬೇಕೆಂದರೆ ಸುತ್ತುತ್ತಲೇ ಹೋಗಬೇಕು. ನೇರವಾಗಿ ಅಲ್ಲಿಗೇ ಹಾರಲು ದಾರಿ ಇಲ್ಲ. ಆದರೆ ತಲೆಯಿಂದ ಹಿಡಿದರೆ ಎಲ್ಲೂ ತಡೆಯದೆ ಬಾಲದವರೆಗೆ ಹರಿದು ಬರುತ್ತದೆ.

ನನಗೆ ಅದು ಸರಿ ಕಾಣಲಿಲ್ಲ. ಬೇಕಾದ ನುಡಿ ಬೇಕಾದಾಗ ಸಿಗಬೇಕು, ಅದಲ್ಲವೇ ವ್ಯವಸ್ಥೆ? ಆ ಧ್ವನಿಯನ್ನು ಹೊಸ ಹಾರ್ಡ್ ಡಿಸ್ಕೊಂದಕ್ಕೆ ಹಾಕಿ, ಕಂಪ್ಯೂಟರಿನ ಮುಂದೆ ಕೂತು ಅದರಲ್ಲೇ ಸಾಲು ಸಾಲಾಗಿ ಕತ್ತರಿಸಿದೆ. ಪ್ರತಿ ಸಾಲಿಗೂ ಒಂದು ಫೈಲು, ಪ್ರತಿ ಫೈಲಿಗೂ ಹೆಸರು, ಪ್ರತಿ ನುಡಿಗೂ ಒಂದು ಫೋಲ್ಡರು, ಅದರೊಳಗೆ ಇನ್ನೊಂದು. ಕೆಮ್ಮು, ಮಾತು, ಪಾತ್ರೆ ಸದ್ದು, ಅರ್ಧಕ್ಕೆ ನಿಂತದ್ದು, ಎಲ್ಲ ತೆಗೆದು ಹಾಕಿದೆ. ಆಗಾಗ ಕೂತು ಹೆಸರು ಬದಲಾಯಿಸಿದೆ, ಅಳಿಸಿದೆ, ಮತ್ತೆ ಕತ್ತರಿಸಿದೆ. ಮುಂಚಿನ ಆ ಉದ್ದನೆಯ ಕತ್ತರಿಸದ ಧ್ವನಿಯನ್ನು 'ಕಸ' ಎಂಬ ಫೋಲ್ಡರಿಗೆ ಹಾಕಿದೆ. ಕೊನೆಗೆ ಆ ಡಿಸ್ಕನ್ನು ಡಬ್ಬಿಗೆ ಹಾಕಿ, ಪತ್ತಾಯಕ್ಕೆ ಇಳಿಸಿ ಕೈ ತೊಳೆದುಕೊಂಡೆ.

ಆಮೇಲೆ ಅತ್ತಿಗೆಗೆ ಗಂಟಲಿನ ಆಪರೇಷನ್ ಆಯಿತು. ಜೀವಕ್ಕೆ ತೊಂದರೆ ಆಗಲಿಲ್ಲ. ಊಟ, ತಿರುಗಾಟ, ಬೈಗುಳ ಎಲ್ಲ ಮೊದಲಿನಂತೆಯೇ. ಧ್ವನಿ ಮಾತ್ರ ಉಸಿರಿನಷ್ಟಾಯಿತು. ಬೈಯುವಾಗಲೂ ಗುಟ್ಟು ಹೇಳಿದ ಹಾಗೆ ಕೇಳುತ್ತಿತ್ತು. ಅವರು ಅದನ್ನು ತಮಾಷೆ ಮಾಡಿಕೊಂಡೇ ಕಳೆದರು. ಮೊಮ್ಮಗಳು ದೀಕ್ಷಾಳ ಮದುವೆ ನಿಶ್ಚಯವಾಗುವವರೆಗೆ.

ದೀಕ್ಷಾ ಕಾಫಿಯ ಗುಣಮಟ್ಟ ನೋಡುವ ಕೆಲಸದಲ್ಲಿದ್ದಾಳೆ. ನಾಲಿಗೆಯ ಮೇಲೆ ಒಂದು ಗುಟುಕು ಆಡಿಸಿ ಯಾವ ತೋಟದ್ದೆಂದು ಹೇಳಬಲ್ಲವಳು. ಹಟದಲ್ಲಿ ಅಜ್ಜಿಯ ಮೊಮ್ಮಗಳೇ. "ಅಜ್ಜಿ ಸೋಬಾನೆ ಇಲ್ಲದೆ ನಂಗೆ ಅರಿಶಿನ ಬೇಡ" ಎಂದುಬಿಟ್ಟಳು. ಅತ್ತಿಗೆ ಅವಳಿಗೆ ಕಲಿಸಲು ಕೂತರು. ಎರಡು ನುಡಿ ಆದ ಮೇಲೆ ಉಸಿರು ಸಾಲಲಿಲ್ಲ. ಸುಧಾರಿಸಿಕೊಂಡು ಬಿಟ್ಟಲ್ಲಿಂದ ಹಿಡಿಯೋಣವೆಂದರೆ ಬಿಟ್ಟಲ್ಲಿಂದ ಬರುವುದಿಲ್ಲ, ಪುನಃ ಮೊದಲಿನಿಂದ. ಪುನಃ ಅದೇ ಜಾಗಕ್ಕೆ ಬರುವಾಗ ಉಸಿರು ಮುಗಿಯುತ್ತಿತ್ತು. ಅರಿಶಿನ ಬೇಯುವುದಕ್ಕೆ ಮೊದಲೇ ನಿಂತು ಹೋಗುತ್ತಿತ್ತು. ಮೂರನೇ ದಿನ ಅತ್ತಿಗೆ ಸೆರಗು ಕೊಡವಿ ಎದ್ದು ಹೊರಟರು. ಯಾರನ್ನೂ ಬೈಯಲಿಲ್ಲ. ಅದು ನನಗೆ ಹೆದರಿಕೆ ಹುಟ್ಟಿಸಿತು.

"ಚಿಂತೆ ಬೇಡ. ಪತ್ತಾಯದಲ್ಲಿ ಉಂಟು" ಎಂದೆ ನಾನು. ಇಷ್ಟು ಆತ್ಮವಿಶ್ವಾಸದಿಂದ ನಾನು ಬೇರೆ ಯಾವ ಮಾತನ್ನೂ ಹೇಳಿದ ನೆನಪಿಲ್ಲ.

ಡಬ್ಬಿ ತೆಗೆದೆ. ಮುಚ್ಚಳ ಅಲ್ಲಲ್ಲಿ ತಗ್ಗಾಗಿತ್ತು. ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಒಳಗಿನಿಂದ ಟಿಕ್, ಟಿಕ್ ಎಂದಿತು, ತುಸು ನಿಂತು ಮತ್ತೆ ಟಿಕ್. ಫೋಲ್ಡರಿನ ಹೆಸರುಗಳು ಒಂದೊಂದಾಗಿ, ತಡವಾಗಿ ಬೆಳಗಿನ ಪ್ರಾರ್ಥನೆಗೆ ಬರುವ ಹುಡುಗಿಯರಂತೆ ತಲೆ ತಗ್ಗಿಸಿಕೊಂಡು ಬಂದವು. ಒಂದು ಸಾಲು ಒತ್ತಿದರೆ ಸುಮ್ಮನಿತ್ತು. ಇನ್ನೊಂದು ಒತ್ತಿದೆ. ಪರದೆಯೇ ನಿಂತುಹೋಯಿತು. ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ನಾನು ಡಿಸ್ಕನ್ನು ಸೀರೆಯ ತುಂಡಿನಲ್ಲಿ ಸುತ್ತಿ, ಕೊಡೆ ಹಿಡಿದು, ಅಮ್ಮತ್ತಿಯ ಬಸ್ಸಿಗೆ ಹೊರಟೆ.

ಅಮ್ಮತ್ತಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಸುಮಿತ್ರಾ ನನ್ನ ಹಳೆಯ ವಿದ್ಯಾರ್ಥಿನಿ. ಹಾಸ್ಟೆಲಿನಲ್ಲಿ ಒಂದು ದಿನವೂ ಗಂಟೆಗೆ ಸರಿಯಾಗಿ ಎದ್ದವಳಲ್ಲ. ಈಗ ಅಂಗಡಿಯ ಮುಂದೆ ತೋಟದ ಲೆಕ್ಕ ಬರೆಯುವ ರೈಟರುಗಳು, ಪಂಚಾಯಿತಿಯವರು, ಫೋಟೋ ಸ್ಟುಡಿಯೋದವರು ಕಾಯುತ್ತ ನಿಂತಿರುತ್ತಾರೆ, ಅವಳು ತನ್ನ ಹೊತ್ತಿಗೆ ಬಾಗಿಲು ತೆರೆಯುತ್ತಾಳೆ. ನನ್ನನ್ನು ಕಂಡು ಎದ್ದು ನಿಂತಳು. ಅಭ್ಯಾಸ.

"ಎಂಥ ಟೀಚರ್ ಇದು, ಒಳಗೆ ಭತ್ತದ ಹೊಟ್ಟು ಉಂಟಲ್ಲ!"

"ಪತ್ತಾಯದಲ್ಲಿತ್ತು."

"ಪತ್ತಾಯದಲ್ಲಾ?" ಎಂದು ಅವಳು ಸುತ್ತ ನಿಂತವರ ಕಡೆ ನೋಡಿದಳು. ಯಾರೂ ನಗಲಿಲ್ಲ. ಒಬ್ಬರು, "ನಾವು ರೇಡಿಯೋ ಇಡ್ತಿದ್ದೆವು" ಎಂದರು. ಸುಮಿತ್ರಾ ಕುಂಚದಿಂದ ಹೊಟ್ಟು ಕೊಡವಿ, ಬೇರೆ ತಂತಿ ಹಾಕಿ, ಕಿವಿ ಹತ್ತಿರ ಹಿಡಿದು ಟಿಕ್ ಟಿಕ್ ಕೇಳಿದಳು. ಮುಖ ಗಂಭೀರವಾಯಿತು.

"ಇದರಲ್ಲೇ ಹಾಕಿ ಹಾಡು ಕೇಳುವ ಕೆಲಸ ಮಾಡ್ಬೇಡಿ. ಇದಕ್ಕೆ ಪೆಟ್ಟಾಗಿದೆ. ಮೊದಲು ಎಲ್ಲ ಹೊಸದಕ್ಕೆ ದಾಟಿಸುವಾ. ಎಷ್ಟು ಫೈಲುಂಟು?"

"ಎಲ್ಲ ವ್ಯವಸ್ಥಿತವಾಗಿ ಇಟ್ಟಿದ್ದೇನೆ."

"ಅದೇ ನಂಗೆ ಹೆದರಿಕೆ."

ದಾಟಿಸಲು ಶುರು ಮಾಡಿದಳು. ಪರದೆಯ ಮೇಲೆ ಉಳಿದಿರುವ ಸಮಯ ತೋರಿಸುವ ಒಂದು ಪಟ್ಟಿ ಬಂತು. ಒಂದು ಗಳಿಗೆ ಕೆಲವೇ ನಿಮಿಷ ಎಂದಿತು. ಆಮೇಲೆ ಗಂಟೆಗಟ್ಟಲೆ ಎಂದಿತು. ಪುನಃ ನಿಮಿಷ. ಜೀವಮಾನವಿಡೀ ಹೇಳಿದ ಹೊತ್ತಿಗೆ ಬರಬೇಕೆಂದು ಕಲಿಸಿದವಳ ಎದುರು ಹೀಗೆ ಮಾತು ಬದಲಾಯಿಸುವ ಯಂತ್ರವನ್ನು ನಾನು ಅದೇ ಮೊದಲು ಕಂಡದ್ದು. ಹುಡುಗಿಯಾಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

"ಇಷ್ಟು ಚಿಕ್ಕ ಚಿಕ್ಕ ಫೈಲಿಗೆ ಯಾಕೆ ಇಷ್ಟು ಹೊತ್ತು?" ಎಂದು ಕೇಳಿದೆ.

"ಚಿಕ್ಕದಾದದ್ದಕ್ಕೇ ಟೀಚರ್. ಇದರ ಒಳಗೆ ಒಂದು ತಟ್ಟೆ ತಿರುಗ್ತಾ ಇರ್ತದೆ. ಅದರ ಮೇಲೆ ಒಂದು ಕೈ. ದೊಡ್ಡ ಫೈಲು ಒಂದೇ ಕಡೆ ಸಾಲಾಗಿದ್ರೆ ಕೈ ಅಲ್ಲೇ ಕೂತು ಓದಿಕೊಂಡು ಹೋಗ್ತದೆ. ನೀವು ಮಾಡಿದ್ದು ಪುಡಿ ಪುಡಿ. ಪ್ರತಿಯೊಂದಕ್ಕೂ ಹುಡುಕ್ಬೇಕು, ಓಡ್ಬೇಕು, ತೆರೀಬೇಕು, ಮುಚ್ಬೇಕು, ಪುನಃ ಓಡ್ಬೇಕು. ಓದುವ ಹೊತ್ತಿಗಿಂತ ಓಡುವ ಹೊತ್ತೇ ಜಾಸ್ತಿ."

"ಓಡುವುದು ಯಾಕೆ? ಎಲ್ಲ ಒಂದರ ಪಕ್ಕ ಒಂದು ಇಟ್ಟಿದ್ದೇನಲ್ಲ."

"ಅದು ನಿಮ್ಮ ಕಣ್ಣಿಗೆ ಕಾಣುವ ಪಕ್ಕ. ನೀವು ಅಳಿಸಿದ್ದು, ತಿದ್ದಿದ್ದು, ಪುನಃ ಹಾಕಿದ್ದು, ಎಲ್ಲಿ ಖಾಲಿ ಸಿಕ್ಕಿತೋ ಅಲ್ಲಿಗೆ ಹೋಗಿ ಕೂತಿರ್ತದೆ."

ನನಗೆ ತೀರ ಚೆನ್ನಾಗಿ ಅರ್ಥವಾಯಿತು. ಕಾಫಿ ಪಿಕ್ಕಿಂಗಿಗೆ ಬಂದವರಿಗೆ ಒಂದು ಸಾಲು ಕೊಟ್ಟುಬಿಟ್ಟರೆ ಗಿಡದಿಂದ ಗಿಡಕ್ಕೆ ಕೊಯ್ಯುತ್ತ ಮಾತಾಡುತ್ತ ಮಧ್ಯಾಹ್ನದೊಳಗೆ ಚೀಲ ತುಂಬಿಸುತ್ತಾರೆ. ಅದೇ ಆಳಿಗೆ ಚೀಟಿ ಬರೆದು, ಕೆರೆ ಹತ್ತಿರದ ಗಿಡದಿಂದ ಒಂದು ಹಿಡಿ, ಗೇಟಿನ ಹತ್ತಿರದ ಗಿಡದಿಂದ ಒಂದು ಹಿಡಿ, ಪುನಃ ಕೆರೆ ಹತ್ತಿರ ಬಂದು ಪಕ್ಕದ ಗಿಡದಿಂದ ಒಂದು ಹಿಡಿ ಎಂದರೆ? ಕೊಯ್ಲು ಕಡಿಮೆ, ಏದುಸಿರು ಜಾಸ್ತಿ. ನಾನು ಬರೆದದ್ದು ಅಂಥ ಚೀಟಿ. ಚೀಟಿಯ ಅಕ್ಷರ ಮಾತ್ರ ದುಂಡಗಿತ್ತು. ಸಾಲದ್ದಕ್ಕೆ ಪೆಟ್ಟು ತಿಂದ ಜಾಗಗಳು ಬೇರೆ. ಅಲ್ಲಿ ಒಮ್ಮೆ ಓದಲಾಗದಿದ್ದರೆ ಆ ಕೈ ಮತ್ತೆ ಮತ್ತೆ ಪ್ರಯತ್ನಿಸುತ್ತಿತ್ತು. ಅದೇ ಟಿಕ್ ಟಿಕ್. ಅದರ ಶ್ರದ್ಧೆಯನ್ನು ಮೆಚ್ಚದಿರಲು ನನಗಾಗಲಿಲ್ಲ.

ನಾನು ಬ್ಯಾಂಕಿನ ಕೆಲಸ ಮುಗಿಸಿ, ಮೀನು ಕಟ್ಟಿಸಿಕೊಂಡು ಬಂದಾಗಲೂ ಆ ಪಟ್ಟಿ ಅಲ್ಲೇ ಇತ್ತು. ಅರಿಶಿನ ತೊಳೆಯುವ ನುಡಿಯ ಹತ್ತಿರ ಸಿಕ್ಕಿಹಾಕಿಕೊಂಡಿತ್ತು. ಅತ್ತಿಗೆಯ ಉಸಿರೂ ಬಹುಮಟ್ಟಿಗೆ ಅಲ್ಲೇ ನಿಲ್ಲುತ್ತಿದ್ದದ್ದು. ಬಾಗಿಲಲ್ಲಿ ನಿಂತಿದ್ದ ಆ ಮುಖಕ್ಕೆ ಮನೆಗೆ ಹೋಗಿ ನಾನು ಏನು ಹೇಳಲಿ?

ಸುಮಿತ್ರಾ ಅದನ್ನು ನಿಲ್ಲಿಸಿದಳು. "ಈ ಪುಡಿಯ ಹಿಂದೆ ಹೋದ್ರೆ ಡಿಸ್ಕೇ ಕೈ ಬಿಟ್ಟೀತು. ದೊಡ್ಡದು ಯಾವುದುಂಟು ನೋಡುವಾ, ಅದನ್ನು ಮೊದಲು ಎಳೀವಾ." ಗಾತ್ರಕ್ಕನುಸಾರ ಪಟ್ಟಿ ಮಾಡಿದಳು. "ಟೀಚರ್, ಇಲ್ಲಿ 'ಕಸ' ಅಂತ ಒಂದುಂಟು. ಒಳಗೆ ಒಂದೇ ಫೈಲು. ಆನೆಯಷ್ಟು."

"ಅದು ಬೇಡ. ಅದು ಕಸ."

"ಕಸ ಆದ್ರೆ ಯಾಕೆ ಇಟ್ಕೊಂಡ್ರಿ?"

"ವರ್ಷದ ಕೊನೆಯ ಗುಡಿಸುವಿಕೆಗೆ ಮೊದಲು ನಾನು ಏನನ್ನೂ ಎಸೆಯುವುದಿಲ್ಲ."

"ಗೊತ್ತು" ಎಂದಳು ಸುಮಿತ್ರಾ. "ನನ್ನ ಹರಿದ ಸ್ವೆಟರನ್ನು ಕೂಡ ಮಾರ್ಚ್ ತನಕ ಎಸೀಲಿಕ್ಕೆ ಬಿಡ್ಲಿಲ್ಲ ನೀವು." ಎನ್ನುತ್ತಲೇ ಆ ಕಸವನ್ನು ಎಳೆದು ಹೊಸ ಡಿಸ್ಕಿಗೆ ಬಿಟ್ಟಳು.

ಆ ಪಟ್ಟಿ ಒಂದು ಸಲವೂ ಮಾತು ಬದಲಾಯಿಸದೆ ಸರಸರನೆ ಓಡಿತು. ನಾನು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಅರ್ಧ ದಾಟಿತ್ತು. ಡಿಸ್ಕು ಹೊಸದಾಗಿ, ಪೂರ್ತಿ ಖಾಲಿಯಾಗಿದ್ದಾಗ ಮೊಟ್ಟಮೊದಲು ಹಾಕಿದ ಫೈಲು ಅದು. ಮೊದಲಿನಿಂದ ಕೊನೆಯವರೆಗೆ ಒಂದೇ ಸಾಲಿನಲ್ಲಿ, ಪೆಟ್ಟು ಬೀಳದ ಜಾಗದಲ್ಲಿ ಕೂತಿತ್ತಂತೆ. ನನ್ನ ಪುಣ್ಯ ಎಂದಳು. ವಾರಗಟ್ಟಲೆ ಕೂತು ಜೋಡಿಸಿದ್ದು ಬರಲಿಲ್ಲ, ಜೋಡಿಸದೆ ಮೂಲೆಗೆ ತಳ್ಳಿದ್ದು ಎದ್ದು ಬಂತು.

ಹೊಸ ಡಿಸ್ಕು ಗಾತ್ರದಲ್ಲಿ ಹಳೆಯದರ ಅರ್ಧವೂ ಇಲ್ಲ. ಒಳಗೆ ತಿರುಗುವ ತಟ್ಟೆಯೂ ಇಲ್ಲ, ಓಡುವ ಕೈಯೂ ಇಲ್ಲ. ಎಲ್ಲಿಂದ ಎಲ್ಲಿಗೆ ಹಾರಿದರೂ ಅದಕ್ಕೆ ಆಯಾಸವಿಲ್ಲ ಎಂದಳು. ಏನೂ ಅಲುಗಾಡದೆ ಕೆಲಸ ಆಗುತ್ತದೆ ಎಂದರೆ ನನಗೆ ಸಹಜವಾಗಿ ಅನುಮಾನ. "ಹಾಗಾದರೆ ಇದಕ್ಕೆ ತೊಂದರೆಯೇ ಇಲ್ಲವೋ?" ಎಂದು ಕೇಳಿದೆ.

"ಉಂಟು. ಕುತ್ತಿಗೆ ತನಕ ತುಂಬಿಸ್ಬೇಡಿ, ಬರೆಯುವಾಗ ನಿಧಾನ ಆಗ್ತದೆ. ಹಳತನ್ನು ಒರೆಸದೆ ಅದರ ಮೇಲೆ ಬರೀಲಿಕ್ಕೆ ಇದಕ್ಕೆ ಆಗೋದಿಲ್ಲ. ಒರೆಸುವುದಾದ್ರೂ ಒಂದಿಡೀ ಭಾಗ ಒಟ್ಟಿಗೇ ಒರೆಸ್ಬೇಕು. ಖಾಲಿ ಜಾಗ ಇದ್ರೆ ಬಚಾವು."

ಹಾಸ್ಟೆಲಿನ ಕರಿಹಲಗೆ ನೆನಪಾಯಿತು. ಬೆಳಗಿನ ತಿಂಡಿ ಉಪ್ಪಿಟ್ಟಿನಿಂದ ಕಡುಬಿಗೆ ಬದಲಾದರೆ ಇದೇ ಸುಮಿತ್ರಾ ಒಂದು ಪದವನ್ನಷ್ಟೇ ಒರೆಸುತ್ತಿರಲಿಲ್ಲ. ಇಡೀ ಹಲಗೆ ಒರೆಸಿ, ಇಡೀ ವಾರದ ಊಟವನ್ನು ಮತ್ತೆ ಬರೆಯುತ್ತಿದ್ದಳು, ತರಗತಿಗೆ ಹೋಗುವುದನ್ನು ತಪ್ಪಿಸಲು. ಹೇಳಿದೆ. "ಅದು ನಿಮಗೆ ಗೊತ್ತಿತ್ತಾ?" ಎಂದು ಬಾಯಿಗೆ ಕೈ ಇಟ್ಟುಕೊಂಡಳು.

"ಇನ್ನೊಂದು ಟೀಚರ್. ಇದನ್ನು ವರ್ಷಗಟ್ಟಲೆ ಕರೆಂಟು ತೋರಿಸದೆ ಹೂತಿಡ್ಬೇಡಿ. ಆಗಾಗ ತೆಗೆದು ನೋಡ್ತಾ ಇರ್ಬೇಕು. ಪತ್ತಾಯ ಮಾತ್ರ ಬೇಡ."

ಮನೆಗೆ ಬಂದು ಚಾವಡಿಯಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟೆ. ಅತ್ತಿಗೆ ಬಂದು ಕೂತರು. ದೀಕ್ಷಾ ಅವರ ಕಾಲ ಬಳಿ ಕೂತಳು. ಒತ್ತಿದ ಮರುಕ್ಷಣ, ಯಾವ ತಡೆಯೂ ಇಲ್ಲದೆ, ಮನೆ ತುಂಬುವಂಥ ಹಳೆಯ ಗಟ್ಟಿ ಧ್ವನಿ:

"ಈ ವಾರ್ಡನಮ್ಮ ಗಂಟೆ ಹೊಡೆಯುವ ಮೊದ್ಲು ಹೇಳಿ ಮುಗ್ಸೊಕು. ಇಲ್ಲರೆ ನಂಗೆ ಊಟ ಇಲ್ಲೆ!"

ಹಿಂದೆ ಯಾರೋ ಕಿಸಕ್ಕೆಂದದ್ದು, ಕೋಳಿ ಕೂಗಿದ್ದು, ನಾನು "ಶ್!" ಎಂದದ್ದು. ಇದೆಲ್ಲವನ್ನೂ ನಾನು ತೆಗೆದು ಹಾಕಿದ್ದೆ. ಅತ್ತಿಗೆ ನನ್ನ ಮುಖ ನೋಡಿ ಶಬ್ದವಿಲ್ಲದೆ ನಕ್ಕರು, ಭುಜ ಕುಲುಕಿಸಿಕೊಂಡು.

ನಡುನಡುವೆ ನಾನು ತಡೆದು ಹಾಳು ಮಾಡಿದ ಪ್ರಯತ್ನಗಳೆಲ್ಲ ಕಳೆದ ಮೇಲೆ, ಕೊನೆಯಲ್ಲಿ ಒಂದು ಸಲ ಹಾಡು ಪೂರ್ತಿ ಇತ್ತು, ಮಣ್ಣಿನಿಂದ ಕೆನ್ನೆಯವರೆಗೆ. ಕುಟ್ಟುವ ನುಡಿಯ ಕೊನೆಗೆ ಒಂದೇ ಒಂದು ಅಡ್ಡಿ. ಒಲೆಯ ಮೇಲಿನ ಅನ್ನದ ವಾಸನೆ ಮೂಗಿಗೆ ಬಡಿದಿರಬೇಕು. ಅತ್ತಿಗೆ ಹಾಡು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಪುನಃ ಮಣ್ಣಿನಿಂದ ಕೀಳಬೇಕಲ್ಲ. ಅದೇ ಧಾಟಿಯಲ್ಲಿ, ಅದೇ ಎಳೆತದಲ್ಲಿ, "ಅನ್ನ ಸೀದ್ ಹೋತ್, ನೋಡಿ ಯಾರಾರ್" ಎಂದು ಹಾಡಿಯೇ ಕೂಗಿ, ಎಣ್ಣೆಯಲ್ಲಿ ಕಲಸುವ ನುಡಿಗೆ ಹೋಗಿಬಿಟ್ಟಿದ್ದರು.

ದೀಕ್ಷಾ ಬಿದ್ದು ಬಿದ್ದು ನಕ್ಕಳು. ಅತ್ತಿಗೆ ಮಾತ್ರ ನಗುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ತುಟಿ ಆಡುತ್ತಿತ್ತು. ಹಾಡು ಮುಗಿದ ಮೇಲೆ ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿ, ಉಸಿರಿನಲ್ಲೇ, "ಸುರುಂದ" ಎಂದರು. ಪುನಃ ಹಾಕಿದೆ.

ಆಮೇಲಿನ ದಿನಗಳಲ್ಲಿ ಮನೆಯ ಹೆಣ್ಣುಮಕ್ಕಳೆಲ್ಲ ಆ ಹಾಡನ್ನು ಫೋನಿಗೆ ಇಳಿಸಿಕೊಂಡು ಕಲಿತರು. ದನದ ಕೊಟ್ಟಿಗೆಯಲ್ಲಿ, ಬಟ್ಟೆ ಒಗೆಯುವಲ್ಲಿ, ಕಣದಲ್ಲಿ ಮೆಣಸು ಒಣಗಿಸುವಲ್ಲಿ. ನಾನು ಶಿಸ್ತಿನಿಂದ ಕಲಿಸಲು ನೋಡಿದೆ: ಇವತ್ತು ಈ ನುಡಿ, ನಾಳೆ ಆ ನುಡಿ. ಯಾರೂ ಕೇಳಲಿಲ್ಲ. ಎಲ್ಲರೂ ಮೊದಲಿನಿಂದ ಹಾಕಿ ಕೊನೆಯವರೆಗೆ ಕೇಳುತ್ತಿದ್ದರು. ನಾನು ಒಂದೇ ಒಂದು ಸೂಚನೆ ಕೊಟ್ಟೆ: ಅನ್ನ ಸೀದ ಮಾತನ್ನು ಕಲಿಯಬೇಡಿ, ಅದು ಹಾಡಿನದಲ್ಲ. ಅದನ್ನು ಒಪ್ಪಿದರು. ವಾರ್ಡನ್ ಆಗಿದ್ದವಳಿಗೆ ಅಷ್ಟಾದರೂ ಮರ್ಯಾದೆ ಬೇಡವೇ?

ಅರಿಶಿನದ ದಿನ ಬಂತು. ಚಪ್ಪರದ ಕೆಳಗೆ ದೀಕ್ಷಾಳನ್ನು ಮಣೆಯ ಮೇಲೆ ಕೂರಿಸಿದರು. ಅತ್ತಿಗೆಯನ್ನು ಅವಳ ಎದುರಿಗೆ ಕುರ್ಚಿ ಹಾಕಿ ಕೂರಿಸಿದರು. ಹೆಂಗಸರು ಸುತ್ತ ನಿಂತು ಶುರು ಮಾಡಿದರು. ಮೊದಲ ಎರಡು ನುಡಿ ಎಂದಿನಂತೆ ಎಲ್ಲರದೂ. ಮೂರನೆಯದಕ್ಕೆ ಬರುವಾಗ ಹಳಬರು ಅಭ್ಯಾಸದಂತೆ ಅತ್ತಿಗೆ ಕಡೆ ತಿರುಗಿದರು. ಆದರೆ ಹಾಡು ನಿಲ್ಲಲಿಲ್ಲ. ಅರಿಶಿನ ಬೆಂದಿತು, ಒಣಗಿತು, ಕುಟ್ಟಿಸಿಕೊಂಡಿತು. ಅತ್ತಿಗೆಯ ಬೆರಳು ಕುರ್ಚಿಯ ಕೈಯ ಮೇಲೆ ತಾಳ ಹಾಕುತ್ತಿತ್ತು.

ಕುಟ್ಟುವ ನುಡಿ ಮುಗಿಯಿತು. ಮುಗಿದದ್ದೇ, ಹಾಡುತ್ತಿದ್ದವರೆಲ್ಲ ಒಟ್ಟಿಗೇ ನಿಂತರು.

ಮರೆತದ್ದಲ್ಲ. ನಾನು ಹೇಳಿದಂತೆ ಆ ಮಾತನ್ನು ಅವರು ಬಿಟ್ಟಿದ್ದರು. ಆದರೆ ಅದು ಕೂತಿದ್ದ ಜಾಗವನ್ನು ಬಿಡಲು ಅವರಿಗೆ ಗೊತ್ತಿರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಕೇಳಿ ಕೇಳಿ ಆ ಮಾತಿನ ಉದ್ದದಷ್ಟೇ ಒಂದು ಖಾಲಿ ಅವರ ಉಸಿರಿನಲ್ಲಿ ಉಳಿದುಹೋಗಿತ್ತು. ಚಪ್ಪರ ಪೂರ್ತಿ ನಿಶ್ಶಬ್ದ. ನೆಂಟರು ಮುಖ ಮುಖ ನೋಡಿಕೊಂಡರು.

ಆ ನಿಶ್ಶಬ್ದದಲ್ಲಿ ಉಸಿರಿಗಿಂತ ಸ್ವಲ್ಪವೇ ದೊಡ್ಡದಾದ ಒಂದು ಧ್ವನಿ, ಧಾಟಿ ತಪ್ಪದೆ, ಎಳೆತ ತಪ್ಪದೆ, ಕೇಳಿಸಿತು.

"ಅನ್ನ ಸೀದ್ ಹೋತ್, ನೋಡಿ ಯಾರಾರ್..."

ಹಾಡು ಕೇಳಲು ಚಪ್ಪರದ ಅಂಚಿಗೆ ಬಂದಿದ್ದ ಅಡಿಗೆಯವರು ಸೌಟು ಬಿಸಾಡಿ ಹಿಂಬದಿಯ ಶೆಡ್ಡಿನ ಹಂಡೆಯ ಕಡೆ ಓಡಿದರು. ಚಪ್ಪರಕ್ಕೆ ಚಪ್ಪರವೇ ನಗುವಿನಿಂದ ಬಿರಿಯಿತು. ನಗುತ್ತಲೇ, ಒಂದು ತಾಳವನ್ನೂ ತಪ್ಪಿಸದೆ, ಹೆಂಗಸರು ಎಣ್ಣೆಯಲ್ಲಿ ಅರಿಶಿನ ಕಲಸುವ ನುಡಿಯನ್ನು ಎತ್ತಿಕೊಂಡರು. ದೇವಕಿ ಅತ್ತಿಗೆ ಕುರ್ಚಿಯಿಂದ ಬಾಗಿ, ಮೊಮ್ಮಗಳ ಪಾದಕ್ಕೆ ಮೊದಲ ಅರಿಶಿನ ಹಚ್ಚಿದರು.

ಊಟದ ಪಂಕ್ತಿಯಲ್ಲಿ ಮದುಮಗನ ಕಡೆಯ ಒಬ್ಬ ಹೆಂಗಸು ನನ್ನ ಪಕ್ಕ ಕೂತರು. ನಮ್ಮ ಕಡೆ ಸೋಬಾನೆಯಲ್ಲಿ ಆ ಅನ್ನದ ಸಾಲು ಇಲ್ಲ, ನಿಮ್ಮಲ್ಲಿ ಮೊದಲಿನಿಂದಲೂ ಹಾಗೆಯೇ ಹೇಳುವುದೋ ಎಂದು ಕೇಳಿದರು. ವ್ಯವಸ್ಥೆಯ ವಿಷಯದಲ್ಲಿ ನಾನು ಎಂದೂ ಸಡಿಲ ಬಿಟ್ಟವಳಲ್ಲ. ಅನ್ನ ಕಲಸುತ್ತ ಸ್ಪಷ್ಟವಾಗಿ ಹೇಳಿದೆ: ಹೌದು, ನಮ್ಮ ಮನೆಯ ಅರಿಶಿನದ ಸೋಬಾನೆಯಲ್ಲಿ ಅನ್ನ ಒಂದು ಸಲ ಸೀಯಲೇಬೇಕು.